ಮೇಜಿನ ಮೇಲೆ ನಕ್ಷತ್ರ ಬೇಕು ಸರಿ, ಮೇಜಿನ ಒಳಗೆ 230 ವೋಲ್ಟ್ ಯಾಕೆ?

ನಕ್ಷತ್ರದ ಟೇಬಲ್ ಬಗ್ಗೆ ಮತ್ತೆ ಒಂದು ರಾಶಿ ಪ್ರಶ್ನೆ ಬಂದಿವೆ. ಬಾಹ್ಯಾಕಾಶ ಹಡಗುಗಳ ಪುಟ್ಟ ಮಾದರಿ ಇಟ್ಟು, ಅಳತೆಪಟ್ಟಿ ಹಿಡಿದು, ಡೈಸ್ ಎಸೆದು ಆಡುತ್ತಾರಲ್ಲ, ಆ ಆಟಕ್ಕೆ ಒಂದು ಕಪ್ಪು ಮೇಜು, ಅದರ ತುಂಬ ಹೊಳೆಯುವ ಚುಕ್ಕಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗರು ಇದನ್ನು ಮನೆಯಲ್ಲೇ ಮಾಡಲು ಹೊರಟಿರುವುದು ನನಗೆ ನಿಜಕ್ಕೂ ಖುಷಿ. ಆದರೆ ಅರ್ಧಕ್ಕಿಂತ ಜಾಸ್ತಿ ಜನ ಕೇಳಿರುವುದು ಒಂದೇ ಪ್ರಶ್ನೆ, ಅದೂ ನಾನು ಬೇಡ ಬೇಡ ಅಂತ ಹೇಳುತ್ತಲೇ ಬಂದಿರುವ ವಿಷಯ. ಈ ಸಲ ಅದಕ್ಕೇ ಜಾಗ ಜಾಸ್ತಿ. ಮರಗೆಲಸದ ಬಗ್ಗೆ ಹೇಳುವುದಿಲ್ಲ, ಅದು ನಿಮ್ಮೂರಿನ ಬಡಿಗೇರರಿಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಮೇಜು ಎಷ್ಟು ದೊಡ್ಡದಿರಬೇಕು? (ಕೊಪ್ಪಳ)

ನಿಮ್ಮ ಆಟದ ನಿಯಮಪುಸ್ತಕ ನೋಡಿ. ಸ್ಟಾರ್ ವಾರ್ಸ್ ಹಡಗುಗಳ ಆಟ ಎಕ್ಸ್-ವಿಂಗ್ ಆದರೆ 3 ಅಡಿಗೆ 3 ಅಡಿ. ಅಷ್ಟರಿಂದಲೇ ಶುರು ಮಾಡಿ.

ಪ್ರಶ್ನೆ: ಸರ್, ದೀಪಾವಳಿಗೆ ತಂದ ಸೀರಿಯಲ್ ಸೆಟ್ ಮನೆಯಲ್ಲಿ ಸುಮ್ನೆ ಬಿದ್ದಿದೆ. ಪ್ಲೈವುಡ್‌ಗೆ ತೂತು ಕೊರೆದು ಕೆಳಗಿನಿಂದ ಅದರ ಬಲ್ಬುಗಳನ್ನೇ ತೂರಿಸಿದರೆ ಆಗಲ್ವಾ? ಒಂದೊಂದು ಬಲ್ಬಿಗೆ 3 ವೋಲ್ಟ್ ಅಷ್ಟೇ, ಶಾಕ್ ಹೊಡೆಯಲ್ಲ ಅಂತ ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ ಹೇಳಿದರು. (ಸಿಂಧನೂರು, ಇದನ್ನೇ ಕೇಳಿದವರು ಇನ್ನೂ ಬೇಕಾದಷ್ಟು ಜನ)

ಆಗಲ್ಲ. ಹಾಗೆ ಹೇಳಿದವರಿಂದ ಮನೆಯ ಒಂದು ಸ್ವಿಚ್ಚನ್ನೂ ರಿಪೇರಿ ಮಾಡಿಸಬೇಡಿ.

ಎಲ್‌ಇಡಿಯ ಎರಡು ಕಾಲುಗಳ ನಡುವೆ 3 ವೋಲ್ಟ್, ಅದು ನಿಜ. ಆದರೆ ಶಾಕ್ ಹೊಡೆಯುವುದು ಆ ಎರಡು ಕಾಲುಗಳ ನಡುವೆ ಅಲ್ಲ, ನಿಮ್ಮ ಬೆರಳಿಗೂ ನೀವು ನಿಂತ ನೆಲಕ್ಕೂ ನಡುವೆ. ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕುವ ಸೆಟ್‌ನಲ್ಲಿ ಬಲ್ಬುಗಳು ಒಂದರ ಹಿಂದೆ ಒಂದು ಇರುತ್ತವೆ. ಫೇಸ್ ಕಡೆಯ ಮೊದಲ ಬಲ್ಬಿನ ಹತ್ತಿರ ನೆಲದ ಲೆಕ್ಕಕ್ಕೆ ಹೆಚ್ಚುಕಮ್ಮಿ ಪೂರ್ತಿ 230 ವೋಲ್ಟ್ ಇರುತ್ತದೆ, ಮುಂದೆ ಮುಂದೆ ಹೋದಂತೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಎರಡು ಪಿನ್ನಿನ ಪ್ಲಗ್ ಅಲ್ವಾ, ಯಾವ ತುದಿ ಫೇಸ್ ಅನ್ನುವುದು ನೀವು ಪ್ಲಗ್ ಹೇಗೆ ಚುಚ್ಚಿದಿರಿ ಅನ್ನುವುದರ ಮೇಲೆ. ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ನಡುವೆ ಒಂದು ಬಲ್ಬ್ ಸುಟ್ಟುಹೋದರೆ ಆ ಸಾಲು ಪೂರ್ತಿ ಆರುತ್ತದೆ, ಆದರೆ ಸುಟ್ಟ ಬಲ್ಬಿನವರೆಗಿನ ತಂತಿ ಪೂರ್ತಿ 230ರಲ್ಲೇ ನಿಂತಿರುತ್ತದೆ. ದೀಪ ಆರಿದೆ, ಕರೆಂಟ್ ಇಲ್ಲ ಅಂದುಕೊಂಡು ನೀವು ಮೇಜಿನ ಕೆಳಗೆ ಕೈ ಹಾಕುವುದು ಆಗಲೇ.

ಆ ಸೆಟ್ಟನ್ನು ಪ್ಲಗ್‌ನಿಂದ ಕಿತ್ತು, ಒಂದು ಬಲ್ಬಿನ ಬುಡವನ್ನು ಹತ್ತಿರದಿಂದ ನೋಡಿ. ತೆಳ್ಳನೆಯ ತಂತಿ, ಅದರೊಳಗೆ ನಾಲ್ಕೈದು ಎಳೆ ಇದ್ದರೆ ಹೆಚ್ಚು. ಬೆಸುಗೆ ಹಾಕಿದ ಕಡೆ ಒಂದು ಪ್ಲಾಸ್ಟಿಕ್ ತೋಳು, ಬೆರಳಿನಿಂದ ತಳ್ಳಿದರೆ ಜಾರುತ್ತದೆ, ಜಾರಿದರೆ ಬೆಸುಗೆ ಬರಿದಾಗಿ ಕಾಣುತ್ತದೆ. ಇದು ಬಾಲ್ಕನಿ ಗ್ರಿಲ್‌ಗೆ ನಾಲ್ಕು ದಿನ ಇಳಿಬಿಡಲು ಮಾಡಿದ ಮಾಲು. ಇದನ್ನು ತೂತಿನೊಳಗೆ ತುರುಕಿ, ಎಳೆದು, ಪ್ಲೈವುಡ್ಡಿನ ಅಂಚಿಗೆ ಉಜ್ಜಿ, ಮುಚ್ಚಿದ ಮರದ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಬಿಟ್ಟರೆ ಏನಾಗಬಹುದು ಅಂತ ನೀವೇ ಯೋಚಿಸಿ.

ಮೇಲೆ ಏನಿರುತ್ತದೆ? ಲೋಹದ ಮಾದರಿಗಳು, ಅವುಗಳ ಸ್ಟ್ಯಾಂಡಿನ ಪಿನ್ನುಗಳು. ಆಟದ ಮಧ್ಯೆ ವಗ್ಗಾಣಿ-ಮಿರ್ಚಿ ಬರುತ್ತದೆ, ಚಹಾ ಬರುತ್ತದೆ, ಯಾರದ್ದೋ ಮೊಣಕೈ ತಾಗಿ ಲೋಟ ಉರುಳುತ್ತದೆ. ತೂತುಗಳಿಂದ ಅದು ಎಲ್ಲಿಗೆ ಇಳಿಯುತ್ತದೆ? ನಮ್ಮ ಕಡೆ ಮನೆಗಳಲ್ಲಿ ಬಂಡೆ ಹಾಸಿದ ನೆಲ, ಬೇಸಿಗೆಯಲ್ಲಿ ತಂಪಾಗಲಿ ಅಂತ ನೀರು ಹಾಕಿ ಒರೆಸಿರುತ್ತಾರೆ, ಆಡುವವರು ಬರಿಗಾಲಲ್ಲಿ ನಿಂತಿರುತ್ತಾರೆ. ಕರೆಂಟ್ ಹರಿಯಲು ಇದಕ್ಕಿಂತ ಸಲೀಸಾದ ದಾರಿ ಬೇಕಾ?

"ಎಂಸಿಬಿ ಇದೆಯಲ್ಲ ಸರ್" ಅಂತ ಬರೆದವರೂ ಇದ್ದಾರೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬೀಳುವ ಸ್ವಿಚ್, ಅದು ಇರುವುದು ಗೋಡೆಯೊಳಗಿನ ವೈರ್ ಸುಡದಿರಲಿ ಅಂತ. 16 ಆಂಪ್‌ನದ್ದು ಅದನ್ನು ದಾಟುವವರೆಗೆ ಸುಮ್ಮನಿರುತ್ತದೆ, ಮನುಷ್ಯನ ಜೀವಕ್ಕೆ ಕೆಲವು ಹತ್ತು ಮಿಲಿಆಂಪ್ ಸಾಕು. ಮನುಷ್ಯನನ್ನು ಕಾಯುವುದು 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ನೆಲಕ್ಕೆ ಸೋರಿದ ತಕ್ಷಣ ಬೀಳುವ ಸ್ವಿಚ್. ಮನೆಯಲ್ಲಿ ಇಲ್ಲದಿದ್ದರೆ ಟೇಬಲ್ ಆಮೇಲೆ, ಮೊದಲು ಅದನ್ನು ಹಾಕಿಸಿ. ಆದರೆ ಅದು ಇದೆ ಅಂತ ಸೀರಿಯಲ್ ಸೆಟ್ ತುರುಕಬೇಡಿ.

ಇದಕ್ಕಿಂತ ನನಗೆ ಸಿಟ್ಟು ಬರಿಸುವುದು ಯೂಟ್ಯೂಬ್‌ನ "ಟ್ರಾನ್ಸ್‌ಫಾರ್ಮರ್ ಇಲ್ಲದೆ 12 ವೋಲ್ಟ್" ವಿಡಿಯೊಗಳು. ಒಂದು 474 ಕೆಪಾಸಿಟರ್, ನಾಲ್ಕು ಡಯೋಡ್, ಒಂದು ಜೀನರ್, ಅಗೋ ಮೀಟರ್ 12 ತೋರಿಸುತ್ತಿದೆ ಅಂತ ಚಪ್ಪಾಳೆ. ಪ್ಲಸ್-ಮೈನಸ್ ನಡುವೆ 12 ಇರಬಹುದು. ಆ ಎರಡೂ ತಂತಿ ಮೇನ್ಸ್‌ಗೆ ನೇರ ಅಂಟಿಕೊಂಡೇ ಇವೆ, ನಡುವೆ ಬೇರ್ಪಡಿಸುವುದು ಏನೂ ಇಲ್ಲ. ಮುಟ್ಟಿದರೆ ಹೊಡೆಯುವುದು ಮೇನ್ಸೇ. ಇದನ್ನು ಮಕ್ಕಳಿಗೆ ಕಲಿಸುವವರು ಅಪಾಯಕಾರಿ ಜನ, ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಆಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೇಜಿಗೆ ಕರೆಂಟೇ ಬೇಡ, ಬೆಳಕು ಮಾತ್ರ ಹೋಗಲಿ. ಮದುವೆ ಹಾಲ್‌ಗಳ ಸೀಲಿಂಗ್‌ನಲ್ಲಿ ನಕ್ಷತ್ರ ಮಾಡುತ್ತಾರಲ್ಲ, ಅದೇ ಅಕ್ರಿಲಿಕ್ ಫೈಬರ್, ಬೆಳಕನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯುವ ಪ್ಲಾಸ್ಟಿಕ್ ಎಳೆ. ನನ್ನ ಕೆಲಸವೂ ಅದೇ. ಎಲ್ಲ ಎಳೆಗಳ ಒಂದು ತುದಿ ಕಟ್ಟಾಗಿ ಒಂದು ಲೈಟ್ ಎಂಜಿನ್ನಿಗೆ (ಒಳಗೆ ದೀಪ ಇರುವ ಸಣ್ಣ ಡಬ್ಬಿ) ಹೋಗುತ್ತದೆ, ಇನ್ನೊಂದು ತುದಿ ಒಂದೊಂದು ತೂತಿಗೆ. ಎಳೆಯಲ್ಲಿ ಕರೆಂಟ್ ಇಲ್ಲ, ಚಹಾ ಚೆಲ್ಲಿದರೆ ಒರೆಸಿಕೊಳ್ಳಿ ಅಷ್ಟೇ. 16 ವ್ಯಾಟ್‌ನ ಸಣ್ಣ ಎಂಜಿನ್ ಸಾಕು, 12 ವೋಲ್ಟ್ ಅಡಾಪ್ಟರ್‌ನಿಂದ ನಡೆಯುವಂಥದ್ದನ್ನೇ ಕೇಳಿ. ಅಡಾಪ್ಟರ್ ಮೇಲೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಲಿ. ಅಡಾಪ್ಟರ್ ಗೋಡೆಯ ಹತ್ತಿರವೇ ಉಳಿಯಲಿ, ಮೇಜಿನ ಕಡೆಗೆ ಬರುವುದು 12 ವೋಲ್ಟಿನ ತಂತಿ ಮಾತ್ರ.

ಎಂಜಿನ್ನನ್ನು ಪೆಟ್ಟಿಗೆಯೊಳಗೆ ಮುಚ್ಚಬೇಡಿ, ಕೆಳಗೆ ಗಾಳಿಗೆ ನೇತುಹಾಕಿ. ಈ ಎಳೆಗಳು 70 ಡಿಗ್ರಿ ಆಸುಪಾಸಿನವರೆಗೆ ತಡೆಯುತ್ತವೆ, ಅದಕ್ಕಿಂತ ಬಿಸಿಯಾದರೆ ಮೆತ್ತಗಾಗಿ ಕಂದುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಹೊರಗಿನ ಗಾಳಿಯೇ 40 ದಾಟಿರುತ್ತದೆ, ಮುಚ್ಚಿದ ಪೆಟ್ಟಿಗೆಯ ಕಥೆ ಕೇಳಬೇಡಿ.

ಮೇಲ್ಭಾಗಕ್ಕೆ 6 ಎಂ.ಎಂ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿ, ಕೆಳಗೆ ಮರದ ಚೌಕಟ್ಟು ಕೊಡಿ. 12 ಎಂ.ಎಂ. ಪ್ಲೈವುಡ್ ಆದರೆ 1 ಎಂ.ಎಂ. ಡ್ರಿಲ್ ಬಿಟ್ ಪೂರ್ತಿ ಮುಳುಗಿ ಮುರಿಯುತ್ತದೆ. ಕೊರೆಯುವಾಗ ಮಾಸ್ಕ್ ಹಾಕಿ, ಎಂಡಿಎಫ್ ಪುಡಿ ಎದೆಗೆ ಒಳ್ಳೆಯದಲ್ಲ. ಬಣ್ಣ ಮೊದಲು, ಮ್ಯಾಟ್ ಕಪ್ಪು. ಆಮೇಲೆ ಎಳೆಯನ್ನು ಕೆಳಗಿನಿಂದ ತೂರಿಸಿ, ಮೇಲೆ ಒಂದು ಇಂಚು ಬಿಡಿ, ಕೆಳಗಡೆ ಬಿಳಿ ಫೆವಿಕಾಲ್ ಹಚ್ಚಿ ರಾತ್ರಿಯಿಡೀ ಬಿಡಿ. ಸೂಪರ್ ಗ್ಲೂ ಬೇಡವೇ ಬೇಡ, ಅದು ತಾಗಿದ ಕಡೆ ಎಳೆ ಪೆಡಸಾಗಿ ಪಟ್ಟನೆ ಮುರಿಯುತ್ತದೆ. 1 ಎಂ.ಎಂ. ಎಳೆಯನ್ನು ಬಗ್ಗಿಸುವಾಗ ತ್ರಿಜ್ಯ 2 ಸೆಂ.ಮೀ.ಗಿಂತ ಕಮ್ಮಿಯಾಗದಿರಲಿ.

ಕೊನೆಗೆ ಮೇಲಿನ ತುದಿ ಕತ್ತರಿಸುವುದು. ಇಲ್ಲಿ ಅವಸರ ಮಾಡಬೇಡಿ. ವೈರ್ ಕಟರ್‌ನಿಂದ ಕತ್ತರಿಸಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಜಜ್ಜಿ ಬೆಳ್ಳಗಾಗಿರುತ್ತದೆ, ಬೆಳಕು ಅಲ್ಲೇ ಚೆದುರಿ ಮಂಕಾಗುತ್ತದೆ. ಹೊಸ ಬ್ಲೇಡನ್ನು ಮೇಜಿಗೆ ಮಲಗಿಸಿ ಒಂದೇ ಏಟಿಗೆ ಕುಯ್ದರೆ ತುದಿ ಸಪಾಟಾಗಿ ಮಿರುಗುತ್ತದೆ. ಬ್ಲೇಡ್ ಮೊಂಡಾದ ತಕ್ಷಣ ಬದಲಿಸಿ.

ಪ್ರಶ್ನೆ: ಫೈಬರ್‌ನಲ್ಲೇ ಮಾಡಿದ್ದೇನೆ, ಆದರೂ ಆಕಾಶದ ಥರ ಕಾಣುತ್ತಿಲ್ಲ, ಅಂಗಡಿಯ ಬೋರ್ಡಿನ ಥರ ಕಾಣುತ್ತದೆ. ಯಾಕೆ? (ಗಂಗಾವತಿ)

ಫೋಟೊ ನೋಡಿದೆ. ಎಲ್ಲ ಚುಕ್ಕಿಗಳೂ ಒಂದೇ ಗಾತ್ರ, ಒಂದೇ ಅಂತರ. ಇಡೀ ಆಕಾಶದಲ್ಲಿ ಎದ್ದು ಕಾಣುವ ಮೊದಲ ದರ್ಜೆಯ ನಕ್ಷತ್ರಗಳು ಇಪ್ಪತ್ತರ ಆಸುಪಾಸು, ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಮಂದ ನಕ್ಷತ್ರಗಳು ಸಾವಿರಾರು. 0.25, 0.5, 0.75, 1 ಎಂ.ಎಂ. ನಾಲ್ಕೂ ತನ್ನಿ. 1 ಎಂ.ಎಂ. ಎಳೆಯ ಬಾಯಿ 0.25ರದ್ದಕ್ಕಿಂತ 16 ಪಟ್ಟು ದೊಡ್ಡದು, ಅಂದರೆ ಖಗೋಳದವರ ಲೆಕ್ಕದಲ್ಲಿ ಹೊಳಪಿನಲ್ಲಿ ಸರಿಸುಮಾರು 3 ದರ್ಜೆಯ ವ್ಯತ್ಯಾಸ. 3 ಅಡಿ ಮೇಜಿಗೆ ದಪ್ಪನೆಯವು ಏಳೆಂಟು ಸಾಕು, ಸಣ್ಣವು ನೂರಾರು ಇರಲಿ. ಜಾಗ ಗುರುತಿಸಲು ಕೈಯಿಂದ ಚುಕ್ಕಿ ಇಡಬೇಡಿ, ನಮ್ಮ ಕೈ ತಾನಾಗಿಯೇ ಸಮ ಅಂತರಕ್ಕೆ ಹೋಗುತ್ತದೆ. ಒಂದು ಹಿಡಿ ಜೋಳ ಎರಚಿ, ಕಾಳು ನಿಂತ ಕಡೆ ಪೆನ್ಸಿಲ್ ಒತ್ತಿ. ಬಣ್ಣವೂ ಒಂದೇ ಬೇಡ. ರೋಹಿಣಿ, ಆರಿದ್ರಾ, ಜ್ಯೇಷ್ಠಾ ಕೆಂಪು-ಕಿತ್ತಳೆ ಕಡೆಗಿವೆ, ಚಿತ್ತಾ ನೀಲಿ ಬಿಳುಪು. ಚಳಿಗಾಲದ ರಾತ್ರಿ ಊರು ಬಿಟ್ಟು ಹೊಲದ ಕಡೆ ಹೋಗಿ ಒಂದರ್ಧ ಗಂಟೆ ತಲೆ ಎತ್ತಿ ನೋಡಿ, ಆಮೇಲೆ ಡ್ರಿಲ್ ಹಿಡಿಯಿರಿ. ಕೆಲವು ತುದಿಗಳಿಗೆ ಕಿತ್ತಳೆ ಮಾರ್ಕರ್ ಮೆಲ್ಲಗೆ ತಾಗಿಸಿದರೆ ಸಾಕು. ಹಸಿರು ನಕ್ಷತ್ರ ಅಂತ ಆಕಾಶದಲ್ಲಿ ಕಾಣುವುದಿಲ್ಲ, ಹಸಿರು ಹಾಕಬೇಡಿ.

ಪ್ರಶ್ನೆ: ಮಿನುಗುವ ಚಕ್ರ ಇರುವ ಎಂಜಿನ್ ತಗೊಳ್ಳಲಾ? (ಬಳ್ಳಾರಿ)

ನಕ್ಷತ್ರ ಮಿನುಗುವುದು ನಮ್ಮ ತಲೆ ಮೇಲಿನ ಗಾಳಿಯಿಂದ. ನಿಮ್ಮ ಹಡಗುಗಳು ಹಾರುವ ಕಡೆ ಗಾಳಿಯೇ ಇಲ್ಲ, ಬೇಡ.

ಪ್ರಶ್ನೆ: ಆಡುವವರ ಜನ್ಮನಕ್ಷತ್ರಕ್ಕೆ ತಕ್ಕ ಬಣ್ಣದ ಲೈಟ್ ಹಾಕಿಸಬೇಕು ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಕೊಡಬೇಡಿ.

ಪ್ರಶ್ನೆ: ಬಣ್ಣ ಬದಲಾಗುವ ಪಿಕ್ಸೆಲ್ ಸ್ಟ್ರಿಪ್ ಅನ್ನು ಮೊಬೈಲ್ ಚಾರ್ಜರ್‌ಗೆ ಹಾಕಬಹುದಾ? (ರಾಯಚೂರು)

ಆ ಪಟ್ಟಿಯ ಒಂದೊಂದು ಪುಟ್ಟ ಎಲ್‌ಇಡಿಯೂ ಒಂದು ಪಿಕ್ಸೆಲ್. 5 ವೋಲ್ಟಿನ ಪಿಕ್ಸೆಲ್ ಪೂರ್ತಿ ಬಿಳಿ ಉರಿದರೆ ಒಂದಕ್ಕೆ 60 ಮಿಲಿಆಂಪ್‌ವರೆಗೆ ಎಳೆಯುತ್ತದೆ. ನೂರು ಪಿಕ್ಸೆಲ್‌ಗೆ 6 ಆಂಪ್. ನಿಮ್ಮ ಚಾರ್ಜರ್ ಮೇಲೆ ಎಷ್ಟು ಬರೆದಿದೆ ಓದಿ.

ಪ್ರಶ್ನೆ: ಆಟದ ಮಧ್ಯೆ ಕರೆಂಟ್ ಹೋಗುತ್ತದೆ, ಏನು ಮಾಡುವುದು? (ಮಾನ್ವಿ)

ವೈಫೈ ರೂಟರ್‌ಗೆ ಇಡುವ 12 ವೋಲ್ಟ್, 2 ಆಂಪ್‌ನ ಮಿನಿ ಯುಪಿಎಸ್ ತನ್ನಿ. 16 ವ್ಯಾಟ್‌ನ ಎಂಜಿನ್ ಅದರಲ್ಲಿ ಆರಾಮಾಗಿ ನಡೆಯುತ್ತದೆ. ಪಿನ್ನಿನ ಗಾತ್ರ ಮತ್ತು ಪ್ಲಸ್ ಒಳಗಿದೆಯೋ ಹೊರಗಿದೆಯೋ ಅನ್ನುವುದನ್ನು ಮಾತ್ರ ಚುಚ್ಚುವ ಮೊದಲೇ ನೋಡಿಕೊಳ್ಳಿ.