ಜೆಎಫ್-17 ನಿಜಕ್ಕೂ ಯಾರದ್ದು?

ಪಾಕಿಸ್ತಾನದ ಯುದ್ಧವಿಮಾನ ಜೆಎಫ್-17 ಬರೀ ಚೀನಾ ವಿಮಾನಕ್ಕೆ ಅಂಟಿಸಿದ ಹೆಸರಾ, ಅಷ್ಟು ಅಗ್ಗ ಹೇಗೆ ಅಂತ ಕೇಳಿದ್ದೀರಿ. ಹೆಸರಿನ ಆಟ ಅಲ್ಲ, ಆದರೆ ಪಾಲು ಸಮವೂ ಅಲ್ಲ.

ವಿನ್ಯಾಸದ ಭಾರ ಹೊತ್ತಿದ್ದು ಚೀನಾದ ಚೆಂಗ್ಡು ಕಂಪನಿ. 1990ರಲ್ಲಿ ಅಮೆರಿಕ ತನ್ನ ಎಫ್-16 ಯುದ್ಧವಿಮಾನ ಕೊಡುವುದನ್ನು ನಿಲ್ಲಿಸಿದ ಮೇಲೆ ಪಾಕಿಸ್ತಾನಕ್ಕೆ ಬೇರೆ ದಾರಿ ಬೇಕಿತ್ತು. 1999ರಲ್ಲಿ ಚೀನಾ ಜೊತೆ ಒಪ್ಪಂದ ಆಯಿತು, 2003ರಲ್ಲಿ ಮೊದಲ ಹಾರಾಟ. ಈಗ ಪಾಕಿಸ್ತಾನದ ಕಾಮ್ರಾದಲ್ಲಿ ವಿಮಾನದ ಒಡಲಿನ ಶೇ. 58, ಚೀನಾದಲ್ಲಿ ಶೇ. 42 ತಯಾರಾಗುತ್ತದೆ.

ಅಗ್ಗ ಆಗಿದ್ದು ಹೀಗೆ: ಒಂದೇ ಎಂಜಿನ್, ಒಡಲು ಹೆಚ್ಚಾಗಿ ಅಲ್ಯೂಮಿನಿಯಂ. ನನಗೆ ತುಂಬಾ ಇಷ್ಟವಾದದ್ದು ಗಾಳಿ ಒಳಗೆಳೆಯುವ ಬಾಯಿ. ಅಲ್ಲಿ ಒಡಲಿಗೆ ಅಂಟಿ ಬರುವ ನಿಧಾನದ ಗಾಳಿಯನ್ನು ಪಕ್ಕಕ್ಕೆ ತಳ್ಳಲು ಬೇರೆ ತಗಡಿಲ್ಲ, ಒಂದು ಉಬ್ಬು ಇದೆ ಅಷ್ಟೇ. ತೂಕವೂ ಕಡಿಮೆ, ರಿಪೇರಿಯೂ ಕಡಿಮೆ.

ಆದರೆ ಎಂಜಿನ್ ರಷ್ಯಾದ ಆರ್‌ಡಿ-93, ಅಲ್ಲಿನದೇ ಮಿಗ್-29 ಯುದ್ಧವಿಮಾನದ ಎಂಜಿನ್‌ನ ಸಂಬಂಧಿ. ನಮ್ಮ ಬೆಂಗಳೂರಿನ ತೇಜಸ್ ಕೂಡ ಅಮೆರಿಕದ ಎಂಜಿನ್‌ಗೆ ಕಾಯುತ್ತದೆ ಅಲ್ವಾ? ಹಾಗಾಗಿ ಸುಮ್ನೆ ‘ನಕಲು’ ಅಂತ ತಳ್ಳಿಹಾಕಬೇಡಿ. ಮ್ಯಾನ್ಮಾರ್, ನೈಜೀರಿಯಾ ಈ ವಿಮಾನವನ್ನು ಕೊಂಡಿವೆ.