ಆ ಜೋಗುಳ ಆಫ್ರಿಕಾದ್ದಲ್ಲ

ದೇಶವಿದೇಶಗಳ ಹಾಡುಗಳನ್ನು ಪೋಣಿಸಿ ತಮ್ಮದೇ ಮಿಕ್ಸ್ ಮಾಡಿಕೊಳ್ಳುವವರು ಮಲೆನಾಡಿನಲ್ಲಿ ಇಷ್ಟು ಮಂದಿ ಇದ್ದಾರೆ ಎಂಬುದು ನನಗೆ ನಿಜವಾದ ಸಂತೋಷ. ಆದರೆ ಮಳೆಗಾಲ ಹಿಡಿದಾಗಿನಿಂದ ಬಂದ ಪ್ರಶ್ನೆಗಳನ್ನು ಹರಡಿಕೊಂಡು ಕುಳಿತರೆ ಅವೇ ನಾಲ್ಕೈದು ಸಂಗತಿಗಳು ಸುತ್ತಿ ಸುತ್ತಿ ಬರುತ್ತವೆ. ಹಾಡನ್ನು ಇಳಿಸಿಕೊಳ್ಳುವುದು, ಪಟ್ಟಿಗೆ ಸೇರಿಸುವುದು ಹೇಗೆ ಎಂದು ನಾನು ಬರೆಯುವುದಿಲ್ಲ; ಮನೆಯ ಮಕ್ಕಳನ್ನು ಕೇಳಿ.

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮನೆಯವರೆಲ್ಲ ಕೇಳಲೆಂದು 'ಕಾಡು' ಎಂಬ ವಿಷಯದ ಮೇಲೆ ಒಂದು ಗಂಟೆಯ ಮಿಕ್ಸ್ ಮಾಡಿದ್ದೇನೆ. ಡೀಪ್ ಫಾರೆಸ್ಟ್ ತಂಡದ 'ಸ್ವೀಟ್ ಲಲಬೈ' ಮೊದಲನೆಯದು. ಆಫ್ರಿಕಾದ ಕಾಡಿನ ಪಿಗ್ಮಿಗಳ ಜೋಗುಳ ಎಂದು ಪಟ್ಟಿಯಲ್ಲಿ ಬರೆದಿದ್ದೇನೆ. ಬಿಡಿಬಿಡಿಯಾಗಿ ಎಲ್ಲ ಹಾಡುಗಳೂ ಚೆನ್ನಾಗಿವೆ, ಒಟ್ಟಿಗೆ ಕೇಳಿದರೆ ಒಂದಕ್ಕೊಂದು ಅಂಟುವುದಿಲ್ಲ. ತಪ್ಪೆಲ್ಲಿದೆ? — ಹೊಸನಗರದ ಓದುಗರು

ಮೊದಲ ಸಾಲಿನಲ್ಲೇ ಇದೆ. ಆ ಜೋಗುಳ ಆಫ್ರಿಕಾದ್ದಲ್ಲ. ಡೀಪ್ ಫಾರೆಸ್ಟ್ ಎಂದರೆ ಫ್ರಾನ್ಸಿನ ಇಬ್ಬರು ಸಂಗೀತಗಾರರು; ಅವರು ತಮ್ಮ 1992ರ ಆಲ್ಬಮ್ಮಿನಲ್ಲಿ ಬಳಸಿದ ದನಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳದ್ದು. ಮಲೈಟಾ ದ್ವೀಪದ ಬಯೆಗು ಸಮುದಾಯದ ಅಫುನಕ್ವಾ ಎಂಬ ಹೆಂಗಸು ಹಾಡಿದ್ದನ್ನು ಸಂಗೀತ ಸಂಶೋಧಕ ಹ್ಯೂಗೋ ಜೆಂಪ್ 1970ರಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಹಾಡಿನ ಹೆಸರು 'ರೊರೊಗ್ವೆಲಾ'. ತಂದೆತಾಯಿಯನ್ನು ಕಳೆದುಕೊಂಡ ಮಗುವನ್ನು ಒಡಹುಟ್ಟಿದವರು ಸಮಾಧಾನಪಡಿಸುವ ಹಾಡು ಅದು. ಅದರ ಸುತ್ತ ಡ್ರಮ್ಮು, ಕೀಬೋರ್ಡು ಸೇರಿಸಿ ಪಿಗ್ಮಿಗಳ ಲೆಕ್ಕಕ್ಕೆ ಹಾಕಿಬಿಟ್ಟರು. ನಾರ್ವೆಯ ಪ್ರಸಿದ್ಧ ಸ್ಯಾಕ್ಸಫೋನ್ ವಾದಕ ಯಾನ್ ಗಾರ್ಬರೆಕ್ 1996ರಲ್ಲಿ ಅದೇ ಮಟ್ಟನ್ನು ನುಡಿಸಿ 'ಪಿಗ್ಮಿ ಲಲಬೈ' ಎಂದೇ ಹೆಸರಿಟ್ಟರು. ತಪ್ಪು ಹೀಗೆ ಕೈಯಿಂದ ಕೈಗೆ ದಾಟುತ್ತದೆ.

1990ರ ದಶಕದಲ್ಲಿ ನಾನು ಶಿವಮೊಗ್ಗದಲ್ಲಿ ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಈ ಹಾಡನ್ನು ಎಷ್ಟೋ ಸಿ-60 (60 ನಿಮಿಷದ) ಕ್ಯಾಸೆಟ್‌ಗಳಿಗೆ ತುಂಬಿಸಿ, ಒಳಗಿನ ಕಾಗದದ ಮೇಲೆ 'ಆಫ್ರಿಕಾದ ಜೋಗುಳ' ಎಂದು ಕೈಯಾರೆ ಬರೆದಿದ್ದೇನೆ. ಆ ಕಾಗದಗಳು ಯಾರಯಾರ ಮನೆಯ ಅಟ್ಟದಲ್ಲಿ ಇವೆಯೋ, ಹಿಂದಕ್ಕೆ ಪಡೆಯಲಾರೆ. ಅಂದಿನಿಂದ, ಹಾಡಿದವರ ಹೆಸರು ಮತ್ತು ಊರು ಗೊತ್ತಾಗದ ಹಾಡನ್ನು ನಾನು ಯಾವ ಮಿಕ್ಸ್‌ಗೂ ಹಾಕುವುದಿಲ್ಲ. ನೀವೂ ಹಾಕಬೇಡಿ.

ಇನ್ನು ನಿಮ್ಮ ಹಾಡುಗಳು ಏಕೆ ಅಂಟುವುದಿಲ್ಲ? 'ಕಾಡು' ಎಂದು ಬರೆದುಕೊಂಡು, ಹೆಸರಿನಲ್ಲೋ ಮುಖಪುಟದ ಚಿತ್ರದಲ್ಲೋ ಮರ ಕಂಡ ಹಾಡುಗಳನ್ನೆಲ್ಲ ನೀವು ಕೂಡಿಹಾಕಿದ್ದೀರಿ. ಅದು ಕಣ್ಣಿಗೆ ಕಾಣುವ ವಿಷಯ, ಕಿವಿಗೆ ಸಿಗುವುದಿಲ್ಲ. ಕಾಡು ಹೇಗೆ ಕೇಳುತ್ತದೆ ಎಂದು ಹೊಸನಗರದಲ್ಲಿರುವ ನಿಮಗೆ ನಾನು ಹೇಳಬೇಕೆ? ಮಳೆ ನಿಂತ ಮೇಲೆ ಎಲೆಯಿಂದ ಎಲೆಗೆ ಹನಿ ಬೀಳುತ್ತದೆ. ಒಂದು ಜೀರುಂಡೆ ಬಿಟ್ಟಲ್ಲಿ ಇನ್ನೊಂದು ಹಿಡಿಯುತ್ತದೆ. ಮಧ್ಯ ಆಫ್ರಿಕಾದ ಕಾಡಿನ ಪಿಗ್ಮಿ ಸಮುದಾಯವಾದ ಅಕಾ ಜನರ ಹಾಡುಗಾರಿಕೆ ಇರುವುದೂ ಹಾಗೆಯೇ: ಒಬ್ಬರ ತುಣುಕಿನ ಸಂದಿಯಲ್ಲಿ ಇನ್ನೊಬ್ಬರದು ಕೂರುತ್ತದೆ, ಮುಂದಾಳು ಯಾರೆಂದು ಹೊಸ ಕಿವಿಗೆ ಗೊತ್ತಾಗುವುದಿಲ್ಲ. ಕಾಡೇ ಬೇಕೆಂದಿದ್ದರೆ ಇಲ್ಲಿಂದ ಶುರು ಮಾಡಿ.

ಅದರ ಪಕ್ಕದಲ್ಲೇ ಪಾಪ್ ಕಡೆಗೆ ಹೋಗುವ ದಾರಿಯೂ ಇದೆ. ಅದೇ ಭಾಗದ ಜನ ಪಪ್ಪಾಯಿ ದಂಟಿನ ಒಂದೇ ಸ್ವರದ ಪೀಪಿಯನ್ನು ಊದುತ್ತಾ, ಊದಿನ ನಡುವೆ ತಮ್ಮ ದನಿಯನ್ನು ಸೇರಿಸುತ್ತಾ ಹೋಗುವ 'ಹಿಂಡೆವು' ಎಂಬ ಸಂಗೀತವಿದೆ. ಪಪ್ಪಾಯಿ ದಂಟಿನ ಪೀಪಿ ನಮ್ಮ ತೋಟದ ಮಕ್ಕಳಿಗೆ ಹೊಸದಲ್ಲ. ಅಮೆರಿಕದ ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ 1973ರ 'ವಾಟರ್‌ಮೆಲನ್ ಮ್ಯಾನ್' ಆರಂಭವಾಗುವುದು ಈ ಊದಿನ ಅನುಕರಣೆಯಿಂದಲೇ. ಅವರ ತಂಡದ ತಾಳವಾದ್ಯಗಾರ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿಯ ಬಾಯಿಗೆ ಊದಿ ಅದನ್ನು ಮಾಡಿದರು. ಮೂಲವನ್ನು ಮೊದಲು, ಇದನ್ನು ಆಮೇಲೆ ಇಡಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತವರು ತಾವಾಗಿ ತಲೆ ಎತ್ತುತ್ತಾರೆ.

ನನ್ನನ್ನು ಕೇಳಿದರೆ ಕಾಡನ್ನೇ ಬಿಟ್ಟು ಅಫುನಕ್ವಾಳ ದನಿಯನ್ನು ಉಳಿಸಿಕೊಳ್ಳಿ ಎನ್ನುತ್ತೇನೆ. ಆಗ ವಿಷಯ ಜೋಗುಳ. ಡೀಪ್ ಫಾರೆಸ್ಟ್‌ನ ಹಾಡಿಗಿಂತ ಮುಂಚೆ ಜೆಂಪ್ ಅವರ ಮೂಲ ಧ್ವನಿಮುದ್ರಣವನ್ನು ಇಡಿ, ಅದರ ಹಿಂದೆಯೇ ನಿಮ್ಮ ಮನೆಯ ಅಜ್ಜಿಯ ಜೋಗುಳ ಬರಲಿ. ಅಜ್ಜಿ ಇದ್ದರೆ ಈ ವಾರವೇ ಧ್ವನಿಮುದ್ರಿಸಿ, ಮುಂದೂಡಬೇಡಿ. ಹೆಂಚಿನ ಮೇಲೆ ಮಳೆ ಬೀಳುವಾಗ ಬೇಡ. ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣಿಗಿಂತ ಸ್ವಲ್ಪ ದೂರದಲ್ಲಿ ಓರೆಯಾಗಿ ಹಿಡಿಯಿರಿ. ಅಡಿಕೆ ಚೀಲ ಪೇರಿಸಿದ ಕೋಣೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸ್ಟುಡಿಯೊ ಬೇಡ, ಗೋಣಿ ಮಾರ್ದನಿಯನ್ನು ನುಂಗಿಕೊಳ್ಳುತ್ತದೆ. ಅಜ್ಜಿ ಮಧ್ಯೆ ಕೆಮ್ಮಿದರೆ ಕತ್ತರಿಸಬೇಡಿ.

ಜೋಡಿಸುವಾಗ ಎರಡು ಸಂಗತಿ. ಮೊದಲನೆಯದು ಶ್ರುತಿ. ತಂಬೂರಿ ಆ್ಯಪ್ ಇಟ್ಟುಕೊಂಡು ಪ್ರತಿ ಹಾಡಿನ ಆಧಾರ ಷಡ್ಜವನ್ನು (ಸ) ಗುರುತಿಸಿ. ಒಂದರ ಷಡ್ಜ ಮುಂದಿನದಕ್ಕೆ ಪಂಚಮವೋ (ಪ) ಮಧ್ಯಮವೋ (ಮ) ಆದರೆ ಕಿವಿ ನೆಮ್ಮದಿಯಾಗಿ ದಾಟುತ್ತದೆ. ಅರ್ಧ ಸ್ವರ ಮಾತ್ರ ಸರಿದರೆ ಮುಳ್ಳು ಚುಚ್ಚಿದಂತಾಗುತ್ತದೆ. ಎರಡನೆಯದು ಸದ್ದು. ಹಳ್ಳಿಯ ಅಂಗಳದಲ್ಲಿ ಮುದ್ರಿಸಿದ್ದು ಮೆಲ್ಲಗಿರುತ್ತದೆ, ಪಾಪ್ ಹಾಡು ಕಿವಿಗೆ ಬಡಿಯುತ್ತದೆ. ನೀವೆಲ್ಲ ಮೆಲ್ಲಗಿನದನ್ನು ಏರಿಸುತ್ತೀರಿ, ಜೊತೆಗೆ ಅದರ ಹಿನ್ನೆಲೆಯ 'ಸ್ಸ್' ಕೂಡ ಏರುತ್ತದೆ. ಪಾಪ್ ಹಾಡನ್ನು ಇಳಿಸಿ! ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಲೌಡ್‌ನೆಸ್ ನಾರ್ಮಲೈಸೇಷನ್ ಎಂಬ ಸೌಲಭ್ಯವಿದೆ, ಅದನ್ನು ಬಳಸಿ. ಆಮೇಲೂ ಜೋಗುಳವನ್ನು ಕಿವಿಯಿಂದ ನೋಡಿ ಇನ್ನಷ್ಟು ತಗ್ಗಿಸಿ. ಜೋಗುಳ ಡೋಲಿನಷ್ಟು ಜೋರಾಗಿ ಕೇಳಬಾರದು.

ಎಲ್ಲ ಹಾಡುಗಳನ್ನೂ 432 ಹರ್ಟ್ಸ್‌ಗೆ ಬದಲಿಸಿದರೆ ಮೈಗ್ರೇನ್ ಹೋಗುತ್ತದೆಯಂತೆ. ನಮ್ಮ ಊರಿನಲ್ಲಿ ಒಬ್ಬರು ಅಂಥ ಮಿಕ್ಸ್ ಮಾರುತ್ತಿದ್ದಾರೆ. — ಭದ್ರಾವತಿಯ ಓದುಗರು

ಹೋಗುವುದಿಲ್ಲ. ಈಗ ಸಾಮಾನ್ಯವಾಗಿ ಬಳಸುವ 440 ಹರ್ಟ್ಸ್ ಶ್ರುತಿಯಿಂದ 432ಕ್ಕೆ ಇಳಿಸುವುದೆಂದರೆ ಅರ್ಧ ಸ್ವರದ ಸುಮಾರು ಮೂರನೇ ಒಂದು ಪಾಲು ತಗ್ಗಿಸುವುದು, ಅಷ್ಟೇ. ನಮ್ಮ ಗಾಯಕರು ತಮ್ಮ ಕಂಠಕ್ಕೆ ಒಗ್ಗಿದ ಶ್ರುತಿಯಲ್ಲಿ ಹಾಡುತ್ತಾರೆ. ಜಾವಾದ ಗಮೆಲಾನ್ ವಾದ್ಯಗಳಲ್ಲಿ ಒಂದೊಂದು ಮೇಳಕ್ಕೆ ಒಂದೊಂದು ಶ್ರುತಿ. ಇವರೆಲ್ಲ ರೋಗಿಷ್ಠರೇ? ತಲೆನೋವನ್ನು ಮಾರಾಟದ ಸರಕು ಮಾಡಿಕೊಂಡವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೈಗ್ರೇನಿಗೆ ವೈದ್ಯರಿದ್ದಾರೆ, ಅವರ ಬಳಿ ಹೋಗಿ. ಇದನ್ನು ಇನ್ನು ಮುಂದೆ ಕೇಳಿದರೆ ಉತ್ತರಿಸುವುದಿಲ್ಲ.

128 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಹಾಡನ್ನು 320ಕ್ಕೆ ಬದಲಿಸಿದರೆ ಗುಣಮಟ್ಟ ಹೆಚ್ಚುತ್ತದೆಯೇ?

ಇಲ್ಲ. ಕಡತ ದಪ್ಪವಾಗುತ್ತದೆ.

ರಾಗವನ್ನೇ ವಿಷಯ ಮಾಡಿಕೊಳ್ಳಬಹುದೇ? ಮಗಳು ಸಂಗೀತ ಪಾಠಕ್ಕೆ ಹೋಗುತ್ತಾಳೆ. — ಸಾಗರದ ಓದುಗರು

ಇಂಥ ಪ್ರಶ್ನೆಗಾಗಿ ಕಾಯುತ್ತಿರುತ್ತೇನೆ. ಅವಳು ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಹಾಡಿ ಮುಗಿಸಿದ ಕೂಡಲೇ ಡಿಕ್ ಡೇಲ್ ಅವರ 1962ರ 'ಮಿಸರ್ಲೂ' ಕೇಳಿಸಿ. ಪೂರ್ವ ಮೆಡಿಟರೇನಿಯನ್ ತೀರದ ಹಳೆಯ ಹಾಡು ಅಮೆರಿಕದ ಗಿಟಾರಿಗೆ ಬಂದದ್ದು, ಸ್ವರಗಳು ಅವೇ. ಮೋಹನ ಕಲಿಯುವಾಗ ಇಥಿಯೋಪಿಯದ 'ತಿಜಿತಾ' ಹಾಡುಗಳಲ್ಲಿ ಮೇಜರ್ ಬಗೆಯವನ್ನು ಹುಡುಕಿ, ಅಲ್ಲೂ ಮೋಹನದ ಸ್ವರಗಳೇ. ಆದರೆ ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಎಂದು ಅವಳಿಗೆ ಹೇಳಬೇಡಿ. ಸ್ವರವನ್ನು ತೂಗಿ ಆಡಿಸುವ ಗಮಕವಿಲ್ಲದೆ ಮೋಹನವಿಲ್ಲ.

ಕನ್ನಡದ ಹಾಡು ವಿಶ್ವ ಸಂಗೀತದ ಮಿಕ್ಸ್‌ಗೆ ಸೇರುತ್ತದೆಯೇ?

ಕನ್ನಡವೇನು ವಿಶ್ವದಿಂದ ಹೊರಗಿದೆಯೇ? 'ವಿಶ್ವ ಸಂಗೀತ' ಎಂಬ ಹೆಸರು 1987ರಲ್ಲಿ ಲಂಡನ್ನಿನ ಪಬ್ ಒಂದರಲ್ಲಿ ಸಣ್ಣ ಧ್ವನಿಮುದ್ರಿಕೆ ಕಂಪನಿಗಳವರು ಸೇರಿ, ಅಂಗಡಿಯ ಕಪಾಟಿಗೆ ಅಂಟಿಸಲೆಂದು ಒಪ್ಪಿಕೊಂಡ ಚೀಟಿ. ಯಲ್ಲಾಪುರದ ಕಡೆಯ ಸಿದ್ದಿಯರ ಡಮಾಮಿ ಕುಣಿತದ ಸಂಗೀತ, ದೀಪಾವಳಿಯ ರಾತ್ರಿ ಮನೆ ಬಾಗಿಲಿಗೆ ದೀಪ ತರುವವರ ಅಂಟಿಗೆ ಪಂಟಿಗೆ ಹಾಡು, ಎಲ್ಲವನ್ನೂ ಧಾರಾಳವಾಗಿ ಸೇರಿಸಿ.

ಹೋಮ್‌ಸ್ಟೇ ಅತಿಥಿಗಳಿಗೆ ನನ್ನ ಮಿಕ್ಸ್ ಹಾಕಬಹುದೇ?

ಪರವಾನಗಿ ಇಲ್ಲದೆ ಬೇಡ. ನಿಮ್ಮ ಆ್ಯಪ್ ಚಂದಾ ನಿಮ್ಮ ಕಿವಿಗೆ ಮಾತ್ರ, ವ್ಯಾಪಾರಕ್ಕಲ್ಲ.

ಆಗುಂಬೆ ಘಾಟಿಯಲ್ಲಿ ನೆಟ್‌ವರ್ಕ್ ಹೋಗಿ ಮಿಕ್ಸ್ ನಿಂತುಬಿಡುತ್ತದೆ, ಏನು ಮಾಡಲಿ?

ಮನೆಯಲ್ಲೇ ಇಳಿಸಿಕೊಂಡು ಹೊರಡಿ. ನೀವೇ ಗಾಡಿ ಓಡಿಸುವವರಾದರೆ ಆ 14 ತಿರುವುಗಳು ಮುಗಿಯುವ ತನಕ ಹಾಡನ್ನು ನಿಲ್ಲಿಸಿ, ಎದುರಿನ ಬಸ್ಸಿನ ಹಾರ್ನ್ ಕೇಳಿಸಿಕೊಳ್ಳಿ.