ಹಿಂಗಾರಿ ಹೊಲ ನಕ್ಷೆಯಲ್ಲಿ ಬೀಳುಭೂಮಿಯಾದದ್ದು ಹೇಗೆ?

ಪ್ರಶ್ನೆ: ನಮ್ಮದು ಡೋಣಿ ಹೊಳೆಯ ದಂಡೆಯ ಎರೆ ಹೊಲ. ಕಾಲೇಜು ಓದುವ ಮಗಳು ಕಂಪ್ಯೂಟರಿನಲ್ಲಿ ರಾಜ್ಯದ ಭೂಹೊದಿಕೆ ನಕ್ಷೆಯೊಂದನ್ನು ತೆರೆದು ತೋರಿಸಿದಳು. ವರ್ಷವೂ ಬಿಳಿಜೋಳ ಬೆಳೆಯುವ ನಮ್ಮ ಹೊಲವನ್ನು ಅದರಲ್ಲಿ ಬೀಳುಭೂಮಿ ಎಂದು ತೋರಿಸಿದ್ದಾರೆ. ಉಪಗ್ರಹ ಚಿತ್ರದಲ್ಲಿಯೂ ಊರ ಪಡುವಣಕ್ಕೆ ಓರೆಯಾಗಿ ಗೆರೆ ಎಳೆದಂತೆ ಬಣ್ಣ ಬದಲಾಗುತ್ತದೆ. ಇಡೀ ರಾಜ್ಯದ ಚಿತ್ರವನ್ನು ಹೇಗೆ ತೆಗೆಯುತ್ತಾರೆ, ಅದನ್ನು ಎಷ್ಟು ನಂಬಬಹುದು?
— ಓದುಗರೊಬ್ಬರು, ಬಬಲೇಶ್ವರ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ತಾವು ಕಂಡ ಗೆರೆಗೂ ತಮ್ಮ ಹೊಲ ಬೀಳಾದದ್ದಕ್ಕೂ ಕಾರಣ ಒಂದೇ. ಹೊಲದ ಬದು ಕಾಣುವಷ್ಟು ಸ್ಪಷ್ಟವಾಗಿ ಇಡೀ ಕರ್ನಾಟಕವನ್ನು ಒಂದೇ ದಿನ, ಒಂದೇ ಸಲಕ್ಕೆ ತೆಗೆದ ಚಿತ್ರವಲ್ಲ ಅದು. ನಮ್ಮ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವಂತೆ, ಬೇರೆ ಬೇರೆ ದಿನಗಳ ತುಂಡುಗಳನ್ನು ಕೂಡಿಸಿ ಅದನ್ನು ಸಿದ್ಧಪಡಿಸಿರುತ್ತಾರೆ. ಇಂದು ಇಂತಹ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು. ಈ ಸರಣಿಯ ಮೊದಲ ಉಪಗ್ರಹ 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿದವು. ಅವು ಒಂದು ಹಾದಿಯಲ್ಲಿ ಸಾಗುವಾಗ 290 ಕಿಲೋಮೀಟರ್ ಅಗಲದ ಪಟ್ಟಿಯನ್ನು ಚಿತ್ರಿಸುತ್ತವೆ. ನಮ್ಮ ರಾಜ್ಯ ಒಂದು ಪಟ್ಟಿಯಲ್ಲಿ ಮುಗಿಯುವುದಿಲ್ಲ, ಪಕ್ಕದ ಪಟ್ಟಿ ಸಿಗುವುದು ಬೇರೊಂದು ದಿನ. ಹಗಲಿನಲ್ಲಿ ಈ ಉಪಗ್ರಹಗಳು ಉತ್ತರದಿಂದ ದಕ್ಷಿಣಕ್ಕೆ ಸ್ವಲ್ಪ ಪಶ್ಚಿಮಕ್ಕೆ ವಾಲಿಕೊಂಡು ಬರುವುದರಿಂದ ಪಟ್ಟಿಯ ಅಂಚು ಓರೆಯಾಗಿರುತ್ತದೆ. ಗೆರೆಯ ಈ ಬದಿಯದು ಒಂದು ದಿನದ ಬೆಳಕು, ಆ ಬದಿಯದು ಇನ್ನೊಂದು ದಿನದ ಬೆಳಕು. ನಡುವೆ ಮಳೆ ಬಿದ್ದು ಎರೆಮಣ್ಣು ತೊಯ್ದು ಕಪ್ಪಾಗಿದ್ದರೆ ಬಣ್ಣ ಬೇರೆಯಾಗಿ ಕಾಣುವುದು ಸಹಜವೇ ಆಗಿದೆ.

ಕಣ್ಣಿಗೆ ಚೆಂದ ಕಾಣಲೆಂದು ಈ ಗೆರೆಯನ್ನು ಮರೆಮಾಚುವ ಉಪಾಯಗಳಿವೆ. ಒಂದು ತುಂಡಿನ ಬಣ್ಣವನ್ನು ಎಳೆದು ಪಕ್ಕದ ತುಂಡಿಗೆ ಹೊಂದಿಸಿಬಿಡಬಹುದು. ಗೋಡೆಗೆ ಹಾಕುವ ಭೂಪಟಕ್ಕೆ ಅದು ಸರಿ, ಬೆಳೆ ಗುರುತಿಸುವ ನಕ್ಷೆಗೆ ಅದು ತಪ್ಪೆಂದೇ ನನ್ನ ಅಭಿಪ್ರಾಯ. ಬೆಳೆ, ಮಣ್ಣು, ನೀರು ಎಷ್ಟು ಬೆಳಕನ್ನು ಹಿಂದಿರುಗಿಸುತ್ತವೆ ಎಂಬ ಅಳತೆಯೇ ಅಲ್ಲಿ ಆಧಾರವಾಗಿರುವುದರಿಂದ, ಅಂದಕ್ಕಾಗಿ ಅದನ್ನು ತಿದ್ದಿದರೆ ತೂಕದ ಕಲ್ಲನ್ನೇ ಕೆತ್ತಿದಂತಾಗುತ್ತದೆ.

ಇನ್ನು ತಮ್ಮ ಹೊಲದ ವಿಷಯ. ಮೋಡದ ಕಾಟ ತಪ್ಪಿಸಿಕೊಳ್ಳಲು ಇಂದು ಹೆಚ್ಚಿನವರು ಮಾಡುವುದು ಹೀಗೆ: ಎರಡು ಉಪಗ್ರಹಗಳಿಂದ ಐದು ದಿನಕ್ಕೊಮ್ಮೆ ಚಿತ್ರ ಸಿಗುವುದರಿಂದ, ನಾಲ್ಕು ತಿಂಗಳಲ್ಲಿ ಒಂದೇ ಜಾಗದ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು ಕೂಡುತ್ತವೆ. ಗುರುತು ಸಿಕ್ಕ ಮೋಡ, ನೆರಳುಗಳನ್ನು ಮೊದಲೇ ಕತ್ತರಿಸಿ ಹಾಕಿ, ಪ್ರತಿ ಪಿಕ್ಸೆಲ್ಲಿನ, ಎಂದರೆ ಚಿತ್ರದ ಒಂದೊಂದು ಪುಟ್ಟ ಚೌಕದ, ಉಳಿದ ಅಳತೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿಟ್ಟು ನಟ್ಟನಡುವಿನದನ್ನು ಆರಿಸುತ್ತಾರೆ. ಕಣ್ತಪ್ಪಿ ಉಳಿದ ಬಿಳಿಮೋಡ ಸಾಲಿನ ಒಂದು ತುದಿಗೂ ಕರಿನೆರಳು ಇನ್ನೊಂದು ತುದಿಗೂ ಹೋಗಿಬಿಡುವುದರಿಂದ ನಡುವಿನದು ಶುದ್ಧವಾಗಿರುತ್ತದೆ. ಉಪಾಯ ಒಳ್ಳೆಯದೇ. ಆದರೆ ಇಡೀ ವರ್ಷದ ಚಿತ್ರಗಳನ್ನು ಒಂದೇ ಸಾಲಿನಲ್ಲಿಟ್ಟರೆ ತಮ್ಮ ಹೊಲಕ್ಕೆ ಏನಾಗುತ್ತದೆ ನೋಡಿ. ಮುಂಗಾರಿಯಲ್ಲಿ ತಾವು ಬಿತ್ತುವುದಿಲ್ಲ, ಹಸಿ ಉಳಿಯಲೆಂದು ಕುಂಟೆ ಹೊಡೆದು ಹರಗುತ್ತೀರಿ. ಬಿತ್ತನೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಹೊತ್ತಿಗೆ, ಹೊಲ ತುಂಬ ಹಸಿರು ನವೆಂಬರಿನಿಂದ ಜನವರಿಯವರೆಗೆ, ಆಮೇಲೆ ದಂಟು ಒಣಗಿ ಸುಗ್ಗಿ, ಅಲ್ಲಿಂದ ಮತ್ತೆ ಬರಿ ನೆಲ. ಸಾಲಿನಲ್ಲಿ ಹಸಿರಿನ ದಿನಗಳಿಗಿಂತ ಬರಿ ನೆಲದ ದಿನಗಳೇ ಹೆಚ್ಚಾಗಿರುವುದರಿಂದ ನಡುವೆ ನಿಲ್ಲುವುದು ಬರಿ ನೆಲವೇ. ಲೆಕ್ಕ ಸರಿಯಾಗಿಯೇ ನಡೆದು ಉತ್ತರ ತಪ್ಪಾಗುತ್ತದೆ.

ಒಮ್ಮೆ ಜನವರಿಯಲ್ಲಿ ಅಚ್ಚು ಹಾಕಿಸಿದ ಇಂತಹದೇ ಚಿತ್ರವನ್ನು ಹಿಡಿದು ನಾನು ಡೋಣಿ ದಂಡೆಯ ಹೊಲವೊಂದರ ಬದುವಿನ ಮೇಲೆ ನಿಂತಿದ್ದೆ. ಕಾಗದದಲ್ಲಿ ಕಂದು ಬಣ್ಣವಿದ್ದ ಜಾಗದಲ್ಲಿ ನನ್ನ ಭುಜದೆತ್ತರದ ಜೋಳ ತೆನೆ ಹಿಡಿದು ನಿಂತಿತ್ತು, ಅಕ್ಕಡಿಯ ಕುಸುಬಿಯ ಮುಳ್ಳು ಧೋತರಕ್ಕೆ ಸಿಕ್ಕಿತ್ತು. ಹೊಲದವರು ಕಾಗದ ನೋಡಿ, 'ಇದು ನಮ್ಮ ಹೊಲಾನ ಖರೆ, ಆದ್ರ ಹರಗಿದಾಗಿಂದು' ಎಂದರು. ಚಿತ್ರದ ಮೂಲ ತೆಗೆದು ನೋಡಿದಾಗ ಆ ತುಂಡು ಸೆಪ್ಟೆಂಬರಿನದೇ ಆಗಿತ್ತು.

ಇದಕ್ಕೆ ಪರಿಹಾರವೆಂದರೆ ಮುಂಗಾರಿ, ಹಿಂಗಾರಿ, ಬೇಸಿಗೆ ಎಂದು ಮೂರು ಕೌದಿಗಳನ್ನು ಬೇರೆ ಬೇರೆಯಾಗಿ ಹೊಲಿದು, ಮೂರನ್ನೂ ಒಟ್ಟಿಗಿಟ್ಟು ಭೂಮಿಗೆ ಹೆಸರಿಡುವುದು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು 2005-06ರಲ್ಲಿ ದೇಶದ ಭೂಹೊದಿಕೆಯನ್ನು 1:50,000 ಪ್ರಮಾಣದಲ್ಲಿ ನಕ್ಷೆಗಿಳಿಸಿದಾಗ ನಮ್ಮದೇ ಉಪಗ್ರಹಗಳ ಲಿಸ್-3 ಕ್ಯಾಮೆರಾದ ಮೂರು ಹಂಗಾಮುಗಳ ಚಿತ್ರಗಳನ್ನು ಬಳಸಿತ್ತು. ಆದುದರಿಂದ ಯಾವ ನಕ್ಷೆಯನ್ನಾದರೂ ನಂಬುವ ಮೊದಲು ಅದರ ಚಿತ್ರಗಳು ಯಾವ ತಿಂಗಳಿನವು ಎಂದು ಮಗಳಿಂದ ಹುಡುಕಿಸಿ ನೋಡಿರಿ.

ಪ್ರಶ್ನೆ: ತಿಕೋಟಾ ಭಾಗದ ದ್ರಾಕ್ಷಿ ತೋಟಗಳಿಗೂ ಇದೇ ತೊಂದರೆ ಇದೆಯೆ?
— ದ್ರಾಕ್ಷಿ ಬೆಳೆಗಾರರು, ವಿಜಯಪುರ

ಉತ್ತರ: ಇದೆ. ಏಪ್ರಿಲ್ ಮತ್ತು ಅಕ್ಟೋಬರ್ ಚಾಟನಿಯಾದ (ಬಳ್ಳಿ ಸವರಿದ) ಮೇಲೆ ಕೆಲವು ವಾರ ಬಳ್ಳಿ ಬೋಳಾಗಿದ್ದು, ಸಾಲಿನ ನಡುವಿನ ಮಣ್ಣೇ ಉಪಗ್ರಹಕ್ಕೆ ಕಾಣುತ್ತದೆ. ಡಿಸೆಂಬರಿನ ಚಿತ್ರದಲ್ಲಿ ಅದೇ ತೋಟ ದಟ್ಟ ಹಸಿರು. ಎರಡು ಸಲ ಬೋಳಾಗಿ ಎರಡು ಸಲ ಚಿಗುರುವ ಈ ಲಕ್ಷಣದಿಂದಲೇ ದ್ರಾಕ್ಷಿಯನ್ನು ಪಕ್ಕದ ನಿಂಬೆ ತೋಟದಿಂದ ಬೇರ್ಪಡಿಸಲು ಸಾಧ್ಯ.

ಪ್ರಶ್ನೆ: ಪದವಿಯ ಪ್ರಾಜೆಕ್ಟಿಗಾಗಿ ಇಡೀ ಕರ್ನಾಟಕದ ಇಂತಹ ಚಿತ್ರವನ್ನು ನಾನೇ ಸಿದ್ಧಪಡಿಸಬೇಕೆಂದಿದ್ದೇನೆ. ಎಲ್ಲಿ ಎಡವುವ ಸಂಭವ ಹೆಚ್ಚು?
— ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಉತ್ತರ: ಚಿತ್ರಗಳು ಉಚಿತ, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತ. ಕಷ್ಟವಿರುವುದು ಗಾತ್ರದಲ್ಲಿ. ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್, ಒಂದು ಚದರ ಕಿಲೋಮೀಟರಿಗೆ ಹತ್ತು ಮೀಟರಿನ ಪಿಕ್ಸೆಲ್ಲುಗಳು 10,000, ಎಂದರೆ ಒಂದೊಂದು ಬಣ್ಣದ ಅಳತೆಗೂ ಸುಮಾರು 192 ಕೋಟಿ ಪಿಕ್ಸೆಲ್ಲುಗಳು. ಇದನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬದಲು ಉಪಗ್ರಹ ಚಿತ್ರಗಳನ್ನು ತನ್ನ ಕಂಪ್ಯೂಟರುಗಳಲ್ಲೇ ಇಟ್ಟುಕೊಂಡಿರುವ ಗೂಗಲ್ ಅರ್ಥ್ ಎಂಜಿನ್‌ನಂತಹ ಕಡೆ ಅಲ್ಲಿಯೇ ಲೆಕ್ಕ ಮಾಡಿಸುವುದು ಮೇಲು. ವಾತಾವರಣದ ಮಬ್ಬನ್ನು ತಿದ್ದಿದ ಎರಡನೆಯ ಹಂತದ ಚಿತ್ರಗಳನ್ನೇ ತೆಗೆದುಕೊಳ್ಳಮ್ಮ. 2022ರ ಜನವರಿ 25ರಿಂದ ಸೆಂಟಿನೆಲ್-2 ಅಂಕಿಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ಹಳೆಯ ಚಿತ್ರಗಳೊಂದಿಗೆ ಬೆರೆಸುವಾಗ ಅದನ್ನು ಕಳೆಯದಿದ್ದರೆ, ಅಥವಾ ಮೊದಲೇ ಹೊಂದಿಸಿಟ್ಟ ಸಂಗ್ರಹವನ್ನು ಬಳಸದಿದ್ದರೆ, ಹಿಂದಿನ ವರ್ಷಗಳಿಗಿಂತ ರಾಜ್ಯವೆಲ್ಲ ಒಮ್ಮೆಲೇ ಬೆಳ್ಳಗಾದಂತೆ ಕಾಣುತ್ತದೆ. ಕೋಲಾರದ ಕಡೆಯ ಅಂಚು 78 ಡಿಗ್ರಿ ರೇಖಾಂಶವನ್ನು ದಾಟಿ ಬೇರೆ ಯುಟಿಎಂ ವಲಯಕ್ಕೆ (ನಕ್ಷೆಗಾಗಿ ಭೂಮಿಯನ್ನು ಉದ್ದಕ್ಕೆ ಸೀಳಿದ ಭಾಗಗಳಲ್ಲಿ ಬೇರೊಂದಕ್ಕೆ) ಸೇರುವುದರಿಂದ ಎಲ್ಲವನ್ನೂ ಮೊದಲೇ ಒಂದು ಪ್ರಕ್ಷೇಪಕ್ಕೆ, ಎಂದರೆ ದುಂಡು ಭೂಮಿಯನ್ನು ಚಪ್ಪಟೆ ಕಾಗದಕ್ಕಿಳಿಸುವ ಒಂದೇ ಕ್ರಮಕ್ಕೆ, ತರಬೇಕು. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ಮೋಡವಿಲ್ಲದ ಚಿತ್ರಗಳು ಸಾಲದೆ ಬಂದಾಗ ಮೋಡವನ್ನು ತೂರಿ ನೋಡುವ ಸೆಂಟಿನೆಲ್-1 ರೇಡಾರ್ ಚಿತ್ರಗಳನ್ನು ಜೊತೆಗಿಟ್ಟುಕೊಳ್ಳಬೇಕಾಗುತ್ತದೆ.

ನಕ್ಷೆ ಮುಗಿದ ಮೇಲೆ ನೆಲಕ್ಕೆ ಹೋಗಿ ತಾಳೆ ನೋಡುವುದನ್ನು ಬಿಡಬೇಡ. ಹತ್ತು ಮೀಟರಿನಲ್ಲಿ ಇಡೀ ಜಗತ್ತನ್ನು ತೋರಿಸುವ ವರ್ಲ್ಡ್‌ಕವರ್ ನಕ್ಷೆಯ 2021ರ ಆವೃತ್ತಿಯ ಒಟ್ಟು ನಿಖರತೆ ಶೇ 76.7 ಎಂದು ಅದನ್ನು ಮಾಡಿದವರೇ ಅಳೆದು ಪ್ರಕಟಿಸಿದ್ದಾರೆ. ನಿನ್ನ ನಕ್ಷೆಗೂ ಅಂತಹ ಅಂಕಿ ಇರಲಿ. ಮೊದಲ ತಾಳೆಗೆ ದೂರ ಹೋಗಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಕಡೆ ಅಕ್ಟೋಬರಿನಲ್ಲಿ ಎಲ್ಲಿಯವರೆಗೆ ನಿಂತಿತ್ತು, ಮೇ ತಿಂಗಳಲ್ಲಿ ಎಲ್ಲಿಗೆ ಸರಿಯಿತು ಎಂಬುದನ್ನು ದಂಡೆಯ ಮೇಲೆ ನಿಂತು ಗುರುತು ಹಾಕಿಕೊಂಡು ಬಾ, ಆ ನಡುವಿನ ನೆಲವನ್ನು ನಿನ್ನ ನಕ್ಷೆ ನೀರೆನ್ನುತ್ತದೆಯೋ ಮಣ್ಣೆನ್ನುತ್ತದೆಯೋ ನೋಡು.